ಬೆರಳು ಅಲ್ಲಾಡದ ಬೂಟು

ನಮ್ಮ ಮನೆಯಲ್ಲಿ ಹೊಸ ಚಪ್ಪಲಿ ಮೊದಲ ಕೆಲವು ದಿನ ಕಾಲು ಕಚ್ಚಲೇಬೇಕು. ಕಚ್ಚದಿದ್ದರೆ ಅಪ್ಪ ಅದನ್ನು ಅಂಗಡಿಗೆ ವಾಪಸು ಒಯ್ಯುತ್ತಿದ್ದ. ತೊಗಲು ಬಿಡುತ್ತದೆ, ಇವತ್ತು ಬಿಗಿಯಾದದ್ದು ನಾಳೆ ಸರಿಹೋಗುತ್ತದೆ, ಇವತ್ತು ಸರಿಯಿದ್ದದ್ದು ನಾಳೆ ಕಾಲಿನಿಂದ ಜಾರುತ್ತದೆ ಅನ್ನುತ್ತಿದ್ದ. ಔಡಲೆಣ್ಣೆ ಸವರಿ, ಬಿಸಿಲಿಗಿಟ್ಟು ಒಗ್ಗಿಸಿಕೊಳ್ಳುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೆ ನಾನು ಮನೆಯ ಹಿರಿಯನಾದೆ. ಮ್ಯಾಟ್ರಿಕ್ ಮುಗಿಸಿ ಧಾರವಾಡದ ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಚಪ್ಪಲಿಯ ಶಾಸ್ತ್ರವೂ ಹಿರಿತನದ ಜೊತೆಗೇ ನನಗೆ ಬಂತು.

ಅರವತ್ತರ ದಶಕದ ಮೊದಲ ವರ್ಷಗಳವು. ನನ್ನ ತಮ್ಮ ಕಾಲೇಜಿನಲ್ಲಿದ್ದ. ಹಿಮಾಲಯದಲ್ಲಿ ಚಳಿಗಾಲದ ಪರ್ವತಾರೋಹಣ ಶಿಬಿರಕ್ಕೆ ಅವನ ಆಯ್ಕೆಯಾಯಿತು. ಹಿಮಗಡ್ಡೆ ಏರುವುದನ್ನು ಕಲಿಸುತ್ತಾರಂತೆ. ಹಗ್ಗ, ಕೊಡಲಿ, ಕೋಟು ಎಲ್ಲ ಅಲ್ಲೇ ಕೊಡುತ್ತಾರೆ, ಬೂಟು ಮಾತ್ರ ನಿಮ್ಮ ಅಳತೆಯದು ನೀವೇ ತನ್ನಿ ಎಂದು ತಿಳಿಸಿದ್ದರು. ಹಿಮವನ್ನೇ ಕಾಣದ ಊರಿನಲ್ಲಿ ಹಿಮದ ಬೂಟು ಎಲ್ಲಿ ಸಿಗಬೇಕು? ಹುಬ್ಬಳ್ಳಿಯಲ್ಲಿ ಹಳೆಯ ಮಿಲಿಟರಿ ಸಾಮಾನು ಮಾರುವ ಅಂಗಡಿಯೊಂದಿತ್ತು. ಒಂದು ಮಧ್ಯಾಹ್ನ ಇಬ್ಬರೂ ಅಲ್ಲಿಗೆ ಹೋದೆವು.

ಎರಡು ಜೋಡಿ ಇದ್ದವು. ಎರಡೂ ದಪ್ಪ ತೊಗಲಿನವು, ಒಳಗೆ ಉಣ್ಣೆಯ ಅಸ್ತರು. ಒಂದು ತಮ್ಮನ ಕಾಲಿಗೆ ದೊಡ್ಡದು, ಇನ್ನೊಂದು ಬಿಗಿ. ಅವನು ದೊಡ್ಡದನ್ನೇ ಹಿಡಿದುಕೊಂಡ.

"ಅಣ್ಣಾ, ಇವು ಛಲೋ ಅದಾವ. ಉಣ್ಣಿ ಕಾಲುಚೀಲ ಒಂದರ ಮ್ಯಾಲೊಂದು ಎರಡು ಹಾಕ್ಕೋಬೇಕಂತ. ಒಳಗ ಬೆರಳು ಅಲ್ಲಾಡಬೇಕಂತ."

"ಬೆರಳು ಅಲ್ಲಾಡಸಾಕ ಅಷ್ಟು ದೂರ ಹೊಂಟೀ ಏನು?" ಅಂದೆ.

ಅಂಗಡಿಯವನು ನಕ್ಕ. "ಸಾಹೇಬ್ರ, ಆ ಬೂಟಿನ್ಯಾಗ ನಿಮ್ಮ ತಮ್ಮನ ಸಂಗಾಟ ನೀವೂ ಹಿಡಸ್ತೀರಿ ಬಿಡ್ರಿ."

ಆ ನಗು ನನಗೆ ಹುರುಪು ಕೊಟ್ಟಿತು. ತಮ್ಮನನ್ನು ಕೂರಿಸಿ, ಬರಿಗಾಲಿಗೇ ಬಿಗಿ ಜೋಡಿಯನ್ನು ತೊಡಿಸಿದೆ. ನಾವ್ಯಾರೂ ಕಾಲುಚೀಲ ಹಾಕಿದವರಲ್ಲ. ಅದನ್ನು ಹಾಕಿಕೊಂಡು ಅಳತೆ ನೋಡಬೇಕೆಂದು ಹೊಳೆಯಲಿಲ್ಲ ಅಂದರೆ ಸುಳ್ಳಾದೀತು. ಅವನು ಆಗತಾನೇ ಹೇಳಿದ್ದ.

"ಕಚ್ಚತೈತಿ ಅಣ್ಣಾ."

"ಕಚ್ಚಲಿ. ತೊಗಲು ಬಿಡತೈತಿ."

ನಮ್ಮಲ್ಲಿ ಹಿರಿಯ ಒಮ್ಮೆ ಆಡಿದ್ದಕ್ಕೆ ಎದುರು ಮಾತಿರಲಿಲ್ಲ. ಹಿರಿಯ ತನ್ನ ಮಾತನ್ನು ಹಿಂತೆಗೆದುಕೊಳ್ಳುವ ಪದ್ಧತಿಯೂ ಇರಲಿಲ್ಲ. ಮನೆಗೆ ತಂದು ಬೂಟಿಗೆ ಔಡಲೆಣ್ಣೆ ಕುಡಿಸಿದೆ. ದಿನವೂ ಮಾಳಿಗೆಯ ಬಿಸಿಲಿಗಿಟ್ಟೆ. ಗಟ್ಟಿ ತೊಗಲು ಹಣ್ಣಿನಂತೆ ಮೆತ್ತಗಾಯಿತು. ನನಗೆ ಭಾರಿ ಹೆಮ್ಮೆ.

ಹೊರಡುವ ದಿನ ಅವನು ಅದನ್ನೇ ಹಾಕಿಕೊಂಡು ಧಾರವಾಡ ಸ್ಟೇಶನ್ನಿಗೆ ಬಂದ. ಪ್ಲಾಟ್‌ಫಾರ್ಮಿನ ಮೇಲೆ ಮುಳ್ಳಿನಲ್ಲಿ ನಡೆಯುವವನ ಹಾಗೆ ನಡೆದ. ಗಾಡಿ ಏರಿದವನೇ ಬೂಟು ಕಳಚಿದ. ಗಾಡಿ ಬಿಟ್ಟಾಗ ಕಿಟಕಿಯಿಂದ ಕೈಬೀಸಿ ನಗುತ್ತಿದ್ದ. ಸೀಟಿನ ಮೇಲೆ ಮಡಚಿದ್ದ ಅವನ ಪಾದ ನನಗೆ ಕಂಡಿತು. ಬೆರಳುಗಳು ಒಂದಕ್ಕೊಂದು ಒತ್ತಿ ಬೆಳ್ಳಗಾಗಿದ್ದವು.

ಆ ಬೆಳ್ಳನೆಯ ಬೆರಳು ನನ್ನನ್ನು ಬಿಡಲಿಲ್ಲ. ಮರುದಿನವೇ ಹುಬ್ಬಳ್ಳಿಗೆ ಓಡಿದೆ. ದೊಡ್ಡ ಜೋಡಿ ಮಾರಿಹೋಗಿತ್ತು. ರಾಯಾಪುರದ ಕಡೆ ತೋಟ ಕಾಯುವವನೊಬ್ಬ, ಹಾವಿನ ಅಂಜಿಕೆಗೆ ಒಯ್ದಿದ್ದಾನೆ ಎಂದು ಅಂಗಡಿಯವನು ಹೇಳಿದ. ರಾಯಾಪುರದಲ್ಲಿ ಬಸ್ಸಿಳಿದು ಒಂದೊಂದೇ ತೋಟ ಅಲೆದೆ. ಮಾವಿನ ಗಿಡಗಳ ನಡುವೆ ಆ ಬೂಟು ಮೊದಲು ಕಂಡಿತು, ಆಮೇಲೆ ಅದರೊಳಗಿನ ಮುದುಕ.

"ಯಪ್ಪಾ, ಈ ಬೂಟು ನನಗ ಕೊಡು. ಇದರ ಬದಲಿ ಬ್ಯಾರೆ ತಂದ ಕೊಡ್ತೇನಿ."

"ಹಾವಿಗೆ ಏನ್ ಹೇಳ್ಲಿ? ಬದಲಿ ಬರೂತನಕಾ ತಡಿಯಪ್ಪಾ ಅನ್ಲ್ಯಾ?"

ನಾನು ಅವನ ಕಾಲು ಹಿಡಿದೆ. ನಿಜವಾಗಿ ಹಿಡಿದೆ, ಎರಡೂ ಕೈಯಿಂದ. ಅವನು ಗಾಬರಿಯಾಗಿ ಹಿಂದೆ ಸರಿದು, "ಏಳ್ರೀ, ಏಳ್ರೀ, ಏನ್ ಮಂದಿನೋ" ಎಂದು ಗೊಣಗುತ್ತ ಅಲ್ಲೇ ಕೂತು ಬೂಟು ಬಿಚ್ಚಿಕೊಟ್ಟ.

ಇಷ್ಟರವರೆಗೆ ನಾನು ಹೇಳಿದ್ದನ್ನು ಯಾರಾದರೂ ಕ್ಷಮಿಸಬಹುದು. ಮುಂದಿನದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ.

ಬೂಟನ್ನು ಬಟ್ಟೆಯಲ್ಲಿ ಹೊಲಿದು ಪಾರ್ಸಲ್ ಮಾಡಿದೆ. ಅದು ಅಲ್ಲಿ ಮುಟ್ಟಲು ಎಷ್ಟು ದಿನವೋ ಹೇಳಲಾಗದು ಎಂದು ರೈಲ್ವೆ ಗುಮಾಸ್ತ ಹೇಳಿದ. ತಂತಿ ಕೊಟ್ಟರೆ ಬೇಗ ಮುಟ್ಟುತ್ತಿತ್ತು. ತಂತಿ ಕಚೇರಿಗೆ ಹೋದೆ. ಬೂಟು ಹಾಕಬೇಡ, ನಾನು ತಪ್ಪಿದೆ ಎಂದು ಬರೆದೆ. ನಾನು ತಪ್ಪಿದೆ ಎಂಬುದನ್ನು ಹೊಡೆದುಹಾಕಿದೆ. ಉಳಿದದ್ದನ್ನು ಓದಿದರೂ ಅರ್ಥ ಅದೇ ಇತ್ತು. ಕಾಗದ ಹರಿದು ಕಿಸೆಗೆ ಹಾಕಿಕೊಂಡು ಹೊರಬಿದ್ದೆ. ಪಾರ್ಸಲ್ಲಾದರೆ ಅಣ್ಣ ಪ್ರೀತಿಯಿಂದ ಇನ್ನೊಂದು ಜೋಡಿ ಕಳಿಸಿದ್ದಾನೆ ಅಂದುಕೊಳ್ಳುತ್ತಾನೆ. ತಂತಿಯಾದರೆ ಅಣ್ಣ ಸೋತ ಅಂದುಕೊಳ್ಳುತ್ತಾನೆ. ಇಷ್ಟೇ ಕಾರಣ. ಬೇರೆ ಯಾವುದೂ ಇರಲಿಲ್ಲ. ಆಮೇಲೆ ದಿನವೂ ಪಾರ್ಸಲ್ಲು ಎಲ್ಲಿ ಮುಟ್ಟಿರಬಹುದು ಎಂದು ಯೋಚಿಸುತ್ತ, ತಂತಿ ಕಚೇರಿಯ ಮುಂದೆಯೇ ಹಾದು ಕೆಲಸಕ್ಕೆ ಹೋಗುತ್ತಿದ್ದೆ. ದಿನವೂ ಅದರ ಬಾಗಿಲು ತೆರೆದಿರುತ್ತಿತ್ತು.

ಎರಡೂ ಪಾದಕ್ಕೆ ಬ್ಯಾಂಡೇಜು ಸುತ್ತಿಕೊಂಡು ತಮ್ಮ ಬಂದ. ಬಲಗಾಲಿನ ಬೆರಳು ಒಂದೂ ಉಳಿದಿರಲಿಲ್ಲ, ಎಡಗಾಲಿನ ಎರಡು ಹೋಗಿದ್ದವು. ಶಿಬಿರದ ಮೊದಲ ದಿನಗಳಲ್ಲಿ ಬಂಡೆ ಏರಲು ಕ್ಯಾನ್ವಾಸ್ ಶೂ ಸಾಕಾಗಿತ್ತಂತೆ. ಆಮೇಲೆ ಹಿಮದ ಮೇಲೆ ಹೋದಾಗ, ಜಾರದಿರಲೆಂದು ಬೂಟಿನ ತಳಕ್ಕೆ ಕಬ್ಬಿಣದ ಮುಳ್ಳು ಇಟ್ಟು ಪಟ್ಟಿಯಿಂದ ಬಿಗಿದಿದ್ದಾರೆ. ಎಣ್ಣೆ ಕುಡಿದ ಮೆತ್ತನೆಯ ತೊಗಲು ಆ ಪಟ್ಟಿಯ ಬಿಗಿತವನ್ನು ತಡೆಯಲಿಲ್ಲ. ಮೊದಲೇ ಜಾಗವಿಲ್ಲದ ಬೆರಳಿಗೆ ರಕ್ತ ಹರಿಯುವುದು ನಿಂತು, ಹಿಮದ ಚಳಿಗೆ ಅವು ಸತ್ತುಹೋಗಿ, ಕತ್ತರಿಸಬೇಕಾಯಿತು.

"ಹಿಮಾ ಏರೂಕಿಂತ ಮೊದಲ ಶಿಬಿರದ ಸಾಹೇಬ್ರು ಕೇಳಿದ್ರು, ಬೂಟು ಬರೋಬ್ಬರಿ ಅದಾವೇನು ಅಂತ," ಎಂದು ನನಗೊಬ್ಬನಿಗೇ ಹೇಳಿದ. "ನಮ್ಮಣ್ಣ ಆರಿಸ್ಯಾನ್ರಿ ಅಂದೆ."

ಅವ್ವ ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. "ಯಾವ ಖೋಡಿ ಆರಿಸಿ ಕೊಟ್ನೋ ನಿನಗ ಆ ಬೂಟು?"

ತಮ್ಮ ನನ್ನ ಕಡೆ ನೋಡಲಿಲ್ಲ. "ನಾನ ಆರಿಸಿದೆ ಅವ್ವಾ. ಅಣ್ಣ ದೊಡ್ಡವು ತಗೋ ಅಂತಿದ್ದ. ನಾನ ಕೇಳಲಿಲ್ಲ."

ಅವ್ವ ಕೆರಳಿ ಅವನ ಬೆನ್ನಿಗೊಂದು ಹೊಡೆದಳು. "ಅಣ್ಣನ ಮಾತು ಕೇಳಬಾರದೇನೋ!" ನಾನು ಕಂಬಕ್ಕೊರಗಿ ನಿಂತಿದ್ದೆ.

ಬಹಳ ದಿನಗಳ ಮೇಲೆ ಪಾರ್ಸಲ್ಲು ವಾಪಸು ಬಂತು. ಪಡೆಯುವವರು ಹೊರಟುಹೋಗಿದ್ದಾರೆಂಬ ಚೀಟಿ ಅಂಟಿಸಿದ್ದರು. ತಮ್ಮನೇ ಕಟ್ಟೆಯ ಮೇಲೆ ಕೂತು ಹೊಲಿಗೆ ಬಿಚ್ಚಿದ. ಏನೂ ಕೇಳದೆ ಬೂಟಿನೊಳಗೆ ಪಾದ ಇಟ್ಟ. ಮುಂದೆ ಖಾಲಿ ಉಳಿದ ಜಾಗಕ್ಕೆ ಅರಿವೆಯ ಚೂರು ತುರುಕಿ, ಎದ್ದು ನಿಂತು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದ.

"ಅಳತಿ ಬರೋಬ್ಬರಿ ಐತಿ ಅಣ್ಣಾ," ಅಂದ. ಆ ಮಾತಿನಲ್ಲಿ ಚುಚ್ಚುವುದು ಏನೂ ಇರಲಿಲ್ಲ.

ಅಡಿಗೆಮನೆಯಿಂದ ಅವ್ವ ಕೂಗಿದಳು. "ಏನು ಬಂತೋ ಅದು?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಆಮೇಲೆ ನನಗೆ ಬರಲಿಲ್ಲ. ಅವ್ವ ತೀರಿಹೋಗುವತನಕವೂ ಬರಲಿಲ್ಲ. ತಮ್ಮ ನನ್ನ ಮುಖವನ್ನೇ ನೋಡುತ್ತಿದ್ದ.

"ಏನಿಲ್ಲವ್ವಾ," ಅಂದೆ. "ಹಳೇ ಬೂಟು."