ಕುಗ್ಗುವ ಲೆಕ್ಕದ ಸ್ಕೇಲು

ನಮ್ಮ ಅಡುಗೆಮನೆಯ ಕಿಟಕಿ ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ಒಂದು ಉಕ್ಕಿನ ಸ್ಕೇಲನ್ನು ಅಡ್ಡ ಕೊಟ್ಟಿದ್ದೇವೆ. ಎರಡಡಿ ಉದ್ದದ್ದು, ಅಂಚೆಲ್ಲ ಸವೆದು ಬೆಳ್ಳಗಾಗಿದೆ. ನೀವು ಯಾವಾಗಲಾದರೂ ತುಮಕೂರಿಗೆ ಬಂದು ನಮ್ಮಲ್ಲಿ ಕಾಫಿಗೆ ಕುಳಿತರೆ ದಯವಿಟ್ಟು ಅದನ್ನೆತ್ತಿಕೊಂಡು ಏನನ್ನೂ ಅಳೆಯಬೇಡಿ. ಅದು ಸುಳ್ಳು ಹೇಳುತ್ತದೆ, ಅದೂ ಬಹಳ ಗಂಭೀರವಾಗಿ ಹೇಳುತ್ತದೆ.

ಇದೇ ಊರಿನ ಸತ್ಯಮಂಗಲದ ಒಂದು ಫೌಂಡ್ರಿಯಲ್ಲಿ ನಾನು ಪ್ಯಾಟರ್ನ್ ಮೇಕರ್ ಆಗಿದ್ದೆ. ಕಬ್ಬಿಣದಲ್ಲಿ ಎರಕ ಹೊಯ್ಯಬೇಕಾದ ವಸ್ತುವನ್ನು ಮೊದಲು ಮರದಲ್ಲಿ ಮಾಡಿಕೊಡುವ ಕೆಲಸ. ಕರಗಿದ ಕಬ್ಬಿಣ ಆರುವಾಗ ನೂರಕ್ಕೊಂದು ಪಾಲು ಕುಗ್ಗುತ್ತದೆಯಾದ್ದರಿಂದ ಮರದ ಅಚ್ಚು ಅಷ್ಟು ದೊಡ್ಡದಾಗಿಯೇ ಇರಬೇಕು. ಪ್ರತಿ ಸಲವೂ ಲೆಕ್ಕ ಹಾಕುವ ತಲೆನೋವು ಬೇಡವೆಂದು ನಮಗೆಂದೇ ಬೇರೆ ಸ್ಕೇಲಿರುತ್ತದೆ. ಅದರ ಗೆರೆಗಳನ್ನೇ ಕೊಂಚ ದೂರದೂರ ಕೊರೆದಿರುತ್ತಾರೆ. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮೂಲೆಯಲ್ಲಿ ಚಿಕ್ಕದೊಂದು ಗುರುತಿರುತ್ತದೆ, ನನ್ನದರಲ್ಲಿ ಅದು ಎಂದೋ ಸವೆದುಹೋಗಿತ್ತು. ನಿವೃತ್ತನಾದ ದಿನ ಆ ಸ್ಕೇಲೂ ನನ್ನ ಚೀಲ ಸೇರಿ ಮನೆಗೆ ಬಂತು, ವರ್ಷಗಟ್ಟಲೆ ಕೈಯಲ್ಲಿದ್ದ ವಸ್ತುವನ್ನು ಬಿಟ್ಟುಬರಲು ಮನಸ್ಸಾಗಲಿಲ್ಲ.

ಮನೆಯಲ್ಲಿ ಕೈ ಕಟ್ಟಿ ಕೂರಲಾಗದೆ ಮರದ ಸೈಕಲ್ ಮಾಡುತ್ತೇನೆಂದು ಹೊರಟೆ. ಕ್ರೂಸರ್ ಎನ್ನುತ್ತಾರಲ್ಲ, ದಪ್ಪ ಟೈರು, ಎತ್ತರದ ಹ್ಯಾಂಡಲ್ಲು, ಬೆನ್ನು ನೆಟ್ಟಗಿಟ್ಟು ಊರನ್ನೆಲ್ಲ ವಿಚಾರಿಸಿಕೊಳ್ಳುತ್ತ ಹೋಗುವಂಥ ಸೈಕಲ್ಲು, ಅದು. ಹೆಂಡತಿ ಗಿರಿಜೆಗೆಂದು. ಇಲ್ಲಿ ಒಂದು ಹಳೆಯ ತಪ್ಪನ್ನು ಒಪ್ಪಿಕೊಂಡುಬಿಡಬೇಕು. ಅವಳು ಕುಣಿಗಲ್ಲಿನಿಂದ ಮದುವೆಯಾಗಿ ಬರುವಾಗ ಕಾಲೇಜಿಗೆ ಓಡಿಸುತ್ತಿದ್ದ ಸೈಕಲ್ಲನ್ನೂ ತಂದಿದ್ದಳು. ಮೊದಲ ಬಾಣಂತನಕ್ಕೆ ತವರಿಗೆ ಹೋಗಿದ್ದಾಗ, ಇನ್ನು ಇವಳೆಲ್ಲಿ ಸೈಕಲ್ ತುಳಿಯುತ್ತಾಳೆ ಎಂದು ನಾನೇ ನಿರ್ಧರಿಸಿ ಫೌಂಡ್ರಿಯ ಒಬ್ಬರಿಗೆ ಕೊಟ್ಟುಬಿಟ್ಟೆ. ತಿರುಗಿ ಬಂದ ಮೇಲೆ ತಿಳಿಸಿದೆ. ಅವಳು ಜಗಳವಾಡಲಿಲ್ಲ, ಹೌದಾ ಎಂದಷ್ಟೇ ಅಂದು ಮಗುವಿಗೆ ನೀರು ಹಾಕಲು ಎದ್ದುಹೋದಳು. ಆ ‘ಹೌದಾ’ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಗುಬ್ಬಿಯ ಸಾಮಿಲ್ಲಿನಲ್ಲಿ ಚೆನ್ನಾಗಿ ಒಣಗಿದ ಹಲಸಿನ ಹಲಗೆ, ತೇಗದ ಪಟ್ಟಿಗಳನ್ನು ಆರಿಸಿ ತಂದೆ. ಪಟ್ಟಿಗಳನ್ನು ತೆಳ್ಳಗೆ ಸೀಳಿ, ಒಂದರ ಮೇಲೊಂದು ಅಂಟಿಸಿ, ಬಾಗಿಸಿ, ಹಸುವಿನ ಬೆನ್ನಿನಂಥ ಇಳಿಜಾರು ಬರುವವರೆಗೆ ಉಜ್ಜಿದೆ. ಬಿಡಿಭಾಗಗಳನ್ನು ಗಿರಿಜೆಯೇ ಆರಿಸಬೇಕೆಂದು ಬಶೀರ್ ಸಾಬರ ಸೈಕಲ್ ಅಂಗಡಿಗೆ ಕರೆದೊಯ್ದರೆ ಅವಳು ಮೊದಲು ಕೈಗೆತ್ತಿಕೊಂಡದ್ದು ಬೆಲ್ಲು. ಹತ್ತು ಬೆಲ್ಲು ಬಾರಿಸಿ ಒಂದನ್ನು ಒಪ್ಪಿದಳು. ಆಮೇಲೆ ಸ್ಪ್ರಿಂಗಿನ ಅಗಲ ಸೀಟು, ಹಿಂದಕ್ಕೆ ತುಳಿದರೆ ನಿಲ್ಲುವ ಬ್ರೇಕು. ಹ್ಯಾಂಡಲ್ಲಿನಿಂದ ಇಳಿಬೀಳುವ ವೈರುಗಳು ಬೇಡವೆಂದಳು. ಸಾಬರಿಗೆ ಅವಳ ಆಯ್ಕೆ ಮೆಚ್ಚಿಗೆಯಾಯಿತು. ನನಗಂತೂ ಇಪ್ಪತ್ತರ ಹುಡುಗಿಯೊಬ್ಬಳ ಜೊತೆ ಪೇಟೆಗೆ ಬಂದ ಹಾಗಿತ್ತು.

ಇನ್ನು ಉಳಿದದ್ದು ಮುಂಭಾಗ. ಹ್ಯಾಂಡಲ್ಲೂ ಮುಂದಿನ ಚಕ್ರವೂ ಒಂದಾಗುವ ಕಡೆ ಮರದೊಳಗೆ ಒಂದು ಉಕ್ಕಿನ ಕೊಳವೆ ಕೂರಬೇಕು. ಸವಾರರ ಜೀವವೆಲ್ಲ ಅಲ್ಲೇ ಇರುತ್ತದೆ. ಕೊಳವೆಯ ದಪ್ಪ ಐವತ್ತು ಮಿಲಿಮೀಟರೆಂದು ಅಂಗಡಿಯಲ್ಲಿ ಹೇಳಿದ್ದರು, ಅಷ್ಟನ್ನು ಸ್ಕೇಲು ಹಿಡಿದು ಮರದ ಮೇಲೆ ಗುರುತುಮಾಡಿ ತೂತು ಕೊರೆದೆ. ಕೊಳವೆ ಇಳಿಸಿದರೆ ಲೊಡಲೊಡ ಎಂದಿತು. ಅರ್ಧ ಮಿಲಿಮೀಟರು ಸಡಿಲ. ವರ್ಷಗಟ್ಟಲೆ ಅದರಲ್ಲೇ ಅಳೆದವನಿಗೆ ಅದು ಎರಕದ ಸ್ಕೇಲೆಂಬುದೇ ಮರೆತುಹೋಗಿ ಅದರ ಮೇಲೆ ಸಂಶಯವೇ ಬರಲಿಲ್ಲ, ನೋಡಿ. ಸಂಶಯ ಬಂದದ್ದು ನನ್ನ ಮೇಲೆ. ವಯಸ್ಸಾಯಿತು, ಕೈ ನಡುಗಿದೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದೇ ನಾಚಿಕೆಯಾಗಿ, ಮರದ ಹುಡಿ ಕಲಸಿದ ಅಂಟನ್ನು ಸಂದಿಗೆ ತುಂಬಿ, ಮೇಲೆ ಪಾಲಿಶ್ ಎಳೆದು, ಯಾರಿಗೂ ಹೇಳದೆ ಕುಳಿತೆ.

ಸೈಕಲ್ಲನ್ನು ಒಂದು ಸುತ್ತು ಓಡಿಸಿ ನೋಡಿದ ಬಶೀರ್ ಸಾಬರು ಇಳಿದವರೇ ಬಗ್ಗಿ ಕಿವಿಗೊಟ್ಟರು. “ಸಾರ್, ಮುಂದ್ಗಡೆ ಏನೋ ಟಕ್ ಅಂತೈತೆ. ಒಂದ್ಸಲ ಬಿಚ್ಚಿ ನೋಡೋಣ.”

“ಹೊಸ ಮರ ಅಲ್ವಾ ಸಾಬ್ರೆ, ಕೂತ್ಕೊಳ್ತದೆ,” ಅಂದೆ. ಪಕ್ಕದಲ್ಲಿ ಗಿರಿಜೆ ಬೆಲ್ಲು ಬಾರಿಸುತ್ತ ನಿಂತಿದ್ದಳು. ಅವಳೆದುರಿಗೆ ನನ್ನ ಕೈ ನಡುಗುತ್ತದೆಂದು ಹೇಳಲು ನಾಲಿಗೆ ಏಳಲಿಲ್ಲ.

ಮೊದಲ ಸವಾರಿ ಕುಣಿಗಲ್ಲಿನ ಕೆರೆ ಏರಿಯ ಮೇಲೇ ಆಗಬೇಕೆಂದು ಅವಳ ಹಟ. ಒಂದು ಭಾನುವಾರ ಬೆಳಿಗ್ಗೆ ಲಗೇಜ್ ಆಟೋದಲ್ಲಿ ಸೈಕಲ್ ಹೇರಿಕೊಂಡು ಹೋದೆವು. ದಾರಿಯುದ್ದಕ್ಕೂ ರಸ್ತೆಯ ಪ್ರತಿ ಉಬ್ಬಿಗೂ ನಾನು ಹ್ಯಾಂಡಲ್ಲನ್ನು ಒತ್ತಿ ಹಿಡಿಯುತ್ತಿದ್ದೆ. ಅವಳ ತಂಗಿ ಭಾಗ್ಯ ಕುಣಿಗಲ್ಲಿನಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಏರಿಗೆ ಬಂದಿದ್ದಳು. ವಾಕಿಂಗಿಗೆ ಬಂದವರೂ ನಾಲ್ಕಾರು ಜನ ನಿಂತರು. ಗಿರಿಜೆ ಹತ್ತಿ ಕೂತು, ಸೀಟು ಒಂದು ಚೂರು ಎತ್ತರವಾಯಿತೆಂದಳು. ನಾನು ಜೊತೆಗೆ ತಂದಿದ್ದ ಸ್ಕೇಲನ್ನು ಪೆಡಲಿನಿಂದ ಸೀಟಿಗೆ ಹಿಡಿದು, ನೀನು ಕೊಟ್ಟ ಅಳತೆಯಂತೆ ಸರಿಯಾಗಿ ಅರವತ್ತು ಸೆಂಟಿಮೀಟರೇ ಇದೆ ಎಂದು ವಾದಿಸಿದೆ. ಇದ್ದರೆ ಇರಲಿ ಎಂದು ನಕ್ಕು ಅವಳು ಹೊರಟೇಬಿಟ್ಟಳು.

ಭಾಗ್ಯ ನನ್ನ ಕೈಲಿದ್ದ ಸ್ಕೇಲಿನ ಮಗ್ಗುಲಿಗೆ ಸುಮ್ಮನೆ ತನ್ನ ಟೇಪು ಹಿಡಿದಳು. “ಭಾವ, ನಿಮ್ ಸ್ಕೇಲು ಯಾವೂರ್ದು? ನಿಮ್ ಅರವತ್ತು ನನ್ ಟೇಪಲ್ಲಿ ಆರ್ ಗೆರೆ ಜಾಸ್ತಿ ಬತ್ತೈತೆ.”

ಅರವತ್ತು ಸೆಂಟಿಮೀಟರಿಗೆ ಆರು ಮಿಲಿಮೀಟರು. ನೂರಕ್ಕೊಂದು. ಒಂದೇ ಉಸಿರಿನಲ್ಲಿ ಎಲ್ಲ ತಿಳಿಯಿತು. ಕೈ ನಡುಗಿರಲಿಲ್ಲ. ಕುಗ್ಗದೇ ಇರುವ ಮರಕ್ಕೆ ಕುಗ್ಗುವ ಕಬ್ಬಿಣದ ಅಳತೆ ಹಿಡಿದಿದ್ದೆ. ಆ ಕೊಳವೆಯನ್ನು ಹಿಡಿದಿದ್ದದ್ದು ಬರೀ ಅಂಟು ಮತ್ತು ನನ್ನ ಮೌನ.

ಗಿರಿಜೆ ಆಗಲೇ ನೂರು ಮಾರು ದೂರ ಹೋಗಿದ್ದಳು. ಒಂದು ಕಡೆ ನೀರು, ಇನ್ನೊಂದು ಕಡೆ ಆಳಕ್ಕಿಳಿದ ಗದ್ದೆ, ಮುಂದೆ ರಸ್ತೆ ಇಳಿಜಾರಾಗುತ್ತದೆ. ಬೆಲ್ಲು ಕೇಳಿಸುತ್ತಿತ್ತು. ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ, ಆಗಲೂ ಒಂದು ಗಳಿಗೆ ನಾನು ಸುಮ್ಮನೆ ನಿಂತೆ. ಇಷ್ಟು ಜನರೆದುರು ಯಾಕೆ, ಇಷ್ಟು ದಿನ ನಿಂತದ್ದು ಇನ್ನೊಂದು ಸುತ್ತು ನಿಲ್ಲದೇ ಎಂದು ಮನಸ್ಸು ಪಿಸುಗುಟ್ಟಿತು. ಆ ಗಳಿಗೆಯ ನೆನಪಾದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ. ಆಮೇಲೆ ಓಡಿದೆ.

“ಗಿರಿಜಾ, ನಿಲ್ಸು. ಮುಂದ್ಗಡೆ ಸಡ್ಲ ಐತೆ. ನಂಗೆ ಗೊತ್ತಿತ್ತು, ನಿಲ್ಸು.”

ಅವಳು ಹಿಂದಕ್ಕೆ ತುಳಿದಳು. ಹಿಂದಿನ ಚಕ್ರ ನಿಂತಿತು. ಮುಂದೆ ಟಕ್ ಎಂಬ ಸದ್ದು ನಾನಿದ್ದಲ್ಲಿಯವರೆಗೂ ಕೇಳಿಸಿತು, ಹ್ಯಾಂಡಲ್ಲು ನೀರಿನ ಕಡೆಗೆ ವಾಲಿತು. ಎತ್ತರದ ಸೀಟಿನಿಂದ ಕಾಲ ಬೆರಳಷ್ಟೇ ನೆಲಕ್ಕೆ ತಾಗಿ, ಕುಂಟಿಕೊಂಡು, ಹೇಗೋ ಇಳಿದಳು. ನಾನು ಹತ್ತಿರ ಹೋಗುವಷ್ಟರಲ್ಲಿ ಬಗ್ಗಿ ನೋಡುತ್ತಿದ್ದಳು. ಅಂಟು ಸುತ್ತಲೂ ಬಿರುಕು ಬಿಟ್ಟು, ಕೊಳವೆ ಮರದೊಳಗೆ ಅಲ್ಲಾಡುತ್ತಿತ್ತು. ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದೆ: ತೂತು, ಅಂಟು, ಪಾಲಿಶ್, ಸಾಬರಿಗೆ ಹೇಳಿದ ಸುಳ್ಳು. ಅವಳು ಬಿರುಕಿನ ಮೇಲೆ ಬೆರಳಾಡಿಸಿ ನೋಡಿ ಎದ್ದಳು.

“ಅವತ್ತು ಸೈಕಲ್ ಕೊಟ್ಬುಟ್ಟು ಆಮೇಲ್ ಹೇಳುದ್ರಿ,” ಅಂದಳು. “ಇವತ್ತು ಅಷ್ಟು ಲೇಟಾಗ್ಲಿಲ್ಲ, ಬುಡಿ.”

ಮೂವತ್ತೆರಡು ವರ್ಷ ಕಾದು ಬಂದ ಮಾತು ಅದು. ಹಿಂತಿರುಗಿ ಮನೆಗೆ ಹೋಗೋಣವೆಂದರೆ ಕೇಳಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡೇ ಏರಿಯ ಆ ತುದಿಯವರೆಗೂ ನಡೆದಳು, ನಡುನಡುವೆ ಬೆಲ್ಲು ಬಾರಿಸುತ್ತ. ಹಿಂದಿನಿಂದ ಸೀಟು ಹಿಡಿದುಕೊಂಡು ನಾನೂ ನಡೆದೆ.

ನಡೆಯುತ್ತ ಅನಿಸಿದ್ದು ಇಷ್ಟೇ. ಆ ಸ್ಕೇಲಿನ ಲೆಕ್ಕವನ್ನು ನಾನು ಫೌಂಡ್ರಿಯಿಂದ ಮನೆಗೆ ತಂದದ್ದು ನಿವೃತ್ತಿಯ ದಿನವಲ್ಲ, ಮದುವೆಯಾದ ಹೊಸತರಲ್ಲೇ. ಹೆಂಗಸು ತಾಯಿಯಾದರೆ ಅವಳ ಆಸೆ ಕುಗ್ಗುತ್ತದೆ, ಗಂಡಸಿಗೆ ವಯಸ್ಸಾದರೆ ಅವನ ಕೈ ಕುಗ್ಗುತ್ತದೆ ಎಂದು ಯಾರನ್ನೂ ಕೇಳದೆ ಗೆರೆ ಎಳೆದುಕೊಂಡಿದ್ದೆ. ಕಬ್ಬಿಣ ಕುಗ್ಗುವುದು ನಿಜ. ಆದರೆ ನಾನು ಬದುಕಿದ್ದು ಕಬ್ಬಿಣದ ಜೊತೆಯಲ್ಲ.

ಈಗ ಮುಂಭಾಗದ ತೇಗದ ತುಂಡನ್ನು ಹೊಸದಾಗಿ ಕೊರೆಯುತ್ತಿದ್ದೇನೆ. ಗಿರಿಜೆ ಸ್ಕೇಲನ್ನು ಕಸಿದು ಕಿಟಕಿಗೆ ಕೊಟ್ಟಳು. ಬಾಗಿಲು ತೆರೆದಿಡುವ ಕೆಲಸವನ್ನಾದರೂ ಅದು ನಿಯತ್ತಾಗಿ ಮಾಡುತ್ತಿದೆ. ನನ್ನ ಬಳಿ ಈಗಿರುವುದು ಭಾಗ್ಯ ಕೊಟ್ಟ ಹೊಲಿಗೆಯ ಟೇಪು. ಸ್ಕೇಲಾದರೆ ಒಬ್ಬನೇ ಹಿಡಿದುಬಿಡಬಹುದಿತ್ತು. ಇದು ಬಳುಕುತ್ತದೆ, ಆ ತುದಿಯನ್ನು ಇನ್ನೊಬ್ಬರು ಹಿಡಿಯಬೇಕು. ನಾನು ಕರೆಯುತ್ತೇನೆ, ಗಿರಿಜೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ತುದಿ ಹಿಡಿಯುತ್ತಾಳೆ, ಎಷ್ಟು ಬಂತು ಎಂದು ಕೇಳುತ್ತಾಳೆ. ಬಂದಷ್ಟನ್ನೇ ಹೇಳುತ್ತೇನೆ.