ಮಗ್ಗವಿಲ್ಲದ ಮನೆಯಲ್ಲಿ ಮಗ್ಗದ ಸಪ್ಪಳ

ಲಾಕ್‌ಡೌನ್ ಮುಗಿದ ಮೇಲಿನ ಎರಡನೆಯ ಕಬ್ಬಿನ ಹಂಗಾಮು ಅದು. ಆಗ ಜಮಖಂಡಿಯಲ್ಲಿ, ಮುಧೋಳ ರಸ್ತೆಗೆ ಹತ್ತಿಕೊಂಡು, ನನ್ನ ಡೀಸೆಲ್ ಪಂಪ್ ರಿಪೇರಿ ಅಂಗಡಿ ಇತ್ತು. ಪಂಪ್ ಅಂದರೆ ನೀವು ಎಣ್ಣೆ ಹಾಕಿಸುವ ಬಂಕ್ ಅಲ್ಲ. ಹಳೆಯ ಲಾರಿಗಳಲ್ಲಿ ಎಂಜಿನ್ನಿನ ಪಕ್ಕಕ್ಕೆ ಒಂದು ಕಬ್ಬಿಣದ ಪೆಟ್ಟಿಗೆ ಕೂತಿರುತ್ತದೆ. ಆರು ಸಿಲಿಂಡರಿಗೂ ಡೀಸೆಲ್ ಅಳೆದು ಒತ್ತಿ ಕೊಡುವುದು ಅದರ ಕೆಲಸ. ಈಗಿನ ಗಾಡಿಗಳಲ್ಲಿ ಅದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹಳೆಯವನ್ನು ಮೂವತ್ತೆರಡು ವರ್ಷ ನಾನು ನೋಡಿಕೊಂಡೆ.

ನಾನು ರಬಕವಿಯ ನೇಕಾರರ ಮನೆಯವನು. ಸಾಲು ಮಗ್ಗ ಓಡುವಾಗ ಒಂದರ ಎಳೆ ಹರಿದರೂ ಹೊರಗೆ ಕಟ್ಟೆಯ ಮೇಲೆ ಕೂತವನಿಗೆ ತಿಳಿಯುತ್ತದಲ್ಲ, ಅಂಥ ಕಿವಿ ನನ್ನದು. ಅಂಗಡಿಯಲ್ಲಿ ಟೆಸ್ಟ್ ಬೆಂಚ್ ಇತ್ತು. ಪಂಪನ್ನು ಬಿಚ್ಚಿ ಅದರ ಮೇಲೆ ಕೂರಿಸಿ ತಿರುಗಿಸಿದರೆ, ಯಾವ ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗುತ್ತದೆಂದು ಗಾಜಿನ ನಳಿಗೆಗಳಲ್ಲಿ ಕಾಣುತ್ತದೆ. ಆದರೆ ಗುರುತಿನ ಡ್ರೈವರ್ ಬಂದರೆ ನಾನು ಪಂಪ್ ಇಳಿಸುತ್ತಲೇ ಇರಲಿಲ್ಲ. ಗಾಡಿಯ ಮೇಲೆಯೇ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಹಚ್ಚಿ, ಕೇಳಿ ಕೇಳಿ ಡೀಸೆಲ್ಲಿನ ಅಳತೆ ಕೂಡಿಸುತ್ತಿದ್ದೆ. ಜನ ವಾಹ್ ಅಂದರೆ ಉಬ್ಬಿಹೋಗುತ್ತಿದ್ದೆ. ಸೊಕ್ಕು, ಮತ್ತೇನಿಲ್ಲ.

ಒಂದು ಬೆಳಗ್ಗೆ ಬನಹಟ್ಟಿಯ ಪ್ರಭು ಬಂದ. ಅವನ ಅಕ್ಕನ ಗಂಡ ಚನ್ನಪ್ಪ ಹಿಂದಿನ ವರ್ಷ ಕಾಮಾಲೆಯಾಗಿ ತೀರಿಹೋಗಿದ್ದ. ಎಂಟು ತಿಂಗಳು ನಿಂತಿದ್ದ ಚನ್ನಪ್ಪನ ಲಾರಿಯನ್ನು ಈಗ ಪ್ರಭು ಓಡಿಸುತ್ತಿದ್ದ. ಅವನ ಮುಖ ಸುಣ್ಣದಂತಾಗಿತ್ತು.

“ಕಾಕಾ, ಗಾಡಿ ಬಂದ್ ಆಗವಲ್ದು. ಸ್ಟಾಪ್ ವಾಯರ್ ಎಳದ್ರೂ ಓಡತೈತಿ. ನಿನ್ನಿ ಚಿಕ್ಕಪಡಸಲಗಿ ಬ್ಯಾರೇಜ್ ಇಳಕಲದಾಗ ಕಾಲ ತಗದ್ರೂ ತಾನ ರೇಸ್ ಆತು. ಮುಂದ ಕಬ್ಬ ಕಡಿಯೋ ಹೆಣ್ಮಕ್ಕಳ ಟ್ರ್ಯಾಕ್ಟರ್. ಟಾಪ್ ಗೇರಿನ್ಯಾಗ ಬ್ರೇಕ್ ಮ್ಯಾಲೆ ನಿಂತು ಎಂಜಿನ್ ಕೊಂದೆ. ಒಂದ ಮಾರ ಉಳದಿತ್ತ ನೋಡ್ರಿ.”

“ಹುಚ್ಚ! ನಿನ್ನೇನ ಯಾಕ ತರಲಿಲ್ಲ?” ಅಂದೆ.

“ಅಕ್ಕ ಪಂಪ್ ಮುಟ್ಟಾಕ ಬಿಡವಲ್ಲಳು. ಮಾವಾರು ಇನ್ನೂ ಗಾಡ್ಯಾಗ ಅದಾರ ಅಂತಾಳ.”

ಚನ್ನಪ್ಪನ ಗಾಡಿ ಅಂದ ಕೂಡಲೇ ನನ್ನ ಎದೆಯಲ್ಲಿ ಏನೋ ಚುಚ್ಚಿತು. ಆದರೆ ಏನೆಂದು ಆ ಹೊತ್ತಿಗೆ ನೆನಪಾಗಲಿಲ್ಲ. ಸಾಮಾನಿನ ಚೀಲ ಎತ್ತಿಕೊಂಡು ಹೊರಟೆ.

ಮಧ್ಯಾಹ್ನ ಎರಡರ ಹೊತ್ತಿಗೆ ಬನಹಟ್ಟಿಯ ಅವರ ಓಣಿಯಲ್ಲಿದ್ದೆವು. ಎರಡೂ ಕಡೆ ಪವರ್‌ಲೂಮ್. ಒಬ್ಬರ ಮಾತು ಒಬ್ಬರಿಗೆ ಕೇಳದಂಥ ಗದ್ದಲ. ಲಾರಿ ಹಿತ್ತಲಲ್ಲಿ, ಹಳೆಯ ಮಗ್ಗದ ಕೋಣೆಯ ಗೋಡೆಗೆ ಮೂತಿ ಹಚ್ಚಿ ನಿಂತಿತ್ತು. ಚನ್ನಪ್ಪನ ಹೆಂಡತಿ ಕಸ್ತೂರವ್ವ ಚಹಾ ತಂದುಕೊಟ್ಟಳು. ನಾನು ನಟ್ಟು ಬಿಚ್ಚುವ ಪಾನಾ ತೆಗೆಯಲು ಹೋದರೆ ಕೈ ಅಡ್ಡ ಮಾಡಿದಳು.

“ಕುಂಡ್ರಿ ಅಣ್ಣಾರ. ಲೈಟ್ ಹೋಗೂತನಾ ತಡೀರಿ.”

ಮೂರಕ್ಕೆ ಕರೆಂಟ್ ಹೋಯಿತು. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಆ ಗದ್ದಲ ಸತ್ತ ಮೇಲೆ ಬರುವ ಮೌನ ನಮ್ಮ ಕಡೆಯವರಿಗೇ ಗೊತ್ತು. ಕಿವಿಯಲ್ಲಿ ಹತ್ತಿ ತುರುಕಿದ ಹಾಗೆ. ಕಸ್ತೂರವ್ವ ತಮ್ಮನಿಗೆ ಸನ್ನೆ ಮಾಡಿದಳು. ಪ್ರಭು ಗಾಡಿ ಚಾಲೂ ಮಾಡಿ, ಸ್ವಲ್ಪ ಬಿಟ್ಟು ಸ್ಟಾಪ್ ಎಳೆದ. ಎಂಜಿನ್ ಇಳಿಯಿತು, ಆದರೆ ನಿಲ್ಲಲಿಲ್ಲ. ಅವಳು ನನ್ನನ್ನು ಒಳಗೆ, ಮಗ್ಗದ ಕೋಣೆಗೆ ಕರೆದೊಯ್ದಳು.

ಕೋಣೆ ಬರಿದು. ಮಗ್ಗ ಮಾರಿ ವರ್ಷಗಳಾಗಿದ್ದವು. ನೇಯುವವನು ಕಾಲು ಇಳಿಬಿಟ್ಟು ಕೂರುವ ಕುಣಿ ಮಾತ್ರ ನೆಲದಲ್ಲಿ ಬಾಯಿ ತೆರೆದುಕೊಂಡಿತ್ತು. ಆ ಕುಣಿಯಿಂದ ಸಪ್ಪಳ ಬರುತ್ತಿತ್ತು.

ಖಟ್, ಖಟ್, ಧಪ್. ಖಟ್, ಖಟ್, ಧಪ್.

ಲಾಳಿ ಹೋದದ್ದು, ಲಾಳಿ ಬಂದದ್ದು, ಎಳೆ ಒತ್ತುವ ಹಣಿಗೆ ಬಡಿದದ್ದು. ಹೊರಗಿನ ಎಂಜಿನ್ನಿನ ನಡುಕ ಗೋಡೆ ಹಿಡಿದು ಕುಣಿಗೆ ಇಳಿದು ಅಲ್ಲಿ ಗುಂಯ್‌ಗುಡುತ್ತಿದೆ ಅಂತ ನನ್ನ ಬುದ್ಧಿಗೆ ಗೊತ್ತಿತ್ತು. ಮೈಗೆ ಗೊತ್ತಿರಲಿಲ್ಲ. ರೋಮ ಎದ್ದು ನಿಂತವು. ಪ್ರತಿ ನೇಕಾರನ ಕೈಗೂ ಒಂದು ಗತ್ತು ಇರುತ್ತದೆ. ಇದು ಚನ್ನಪ್ಪನ ಕೈ, ಎಲ್ಲಿ ಕೇಳಿದ್ದೆನೋ ಹೊಳೆಯಲಿಲ್ಲ.

ಕುಣಿಯ ದಂಡೆಗೆ ಎರಡು ಬುಟ್ಟಿ ತುಂಬ ಕಂಡಿಕೆಗಳಿದ್ದವು. ಲಾಳಿಯೊಳಗೆ ಕೂರಿಸುವ ನೂಲಿನ ಸುತ್ತುಗಳು ಅವು. ಗಂಡ ನೇಯುತ್ತಿದ್ದರೆ ಹೆಂಡತಿ ಸುತ್ತಿ ಕೊಡುತ್ತಾಳೆ.

“ದಿನಾ ಸುತ್ತಿ ಇಡ್ತೇನ್ರಿ. ಲಾಳಿ ಖಾಲಿ ಆದ್ರ ಅವರಿಗೆ ಸಿಟ್ಟ ಬರತೈತಿ,” ಅಂದಳು. ಅಡಿಗೆಯ ಸುದ್ದಿ ಹೇಳಿದಷ್ಟು ಸಲೀಸಾಗಿ.

ಹತ್ತು ನಿಮಿಷದ ಮೇಲೆ ಹೊರಗೆ ಎಂಜಿನ್ ಕೊನೆಗೂ ಆರಿ, ಒಂದು ಧಪ್ ಆಗಿ ಎಲ್ಲ ನಿಂತಿತು. ಅವಳು ನನ್ನ ಕಡೆ ತಿರುಗಿದಳು. “ಕೇಳಿದ್ರಿಲ್ಲ? ತಮ್ಮನ ಜೀವಕ್ಕ ಅಂಜಿ ನಿಮ್ಮನ್ನ ಒಳಗ ಬಿಟ್ಟೇನಿ. ಪಂಪ್ ಛಲೋ ಮಾಡ್ರಿ. ಈ ಸಪ್ಪಳ ಮಾತ್ರ ತೆಗೀಬ್ಯಾಡ್ರಿ.”

ಹಿತ್ತಲಿಗೆ ಬಂದು ಪಂಪಿನ ಪಕ್ಕದ ಮುಚ್ಚಳ ಬಿಚ್ಚಿದೆ. ಒಳಗೆ ರ್ಯಾಕ್ ಎಂಬ ಉದ್ದನೆಯ ಹಲ್ಲಿನ ಸರಳು ಇರುತ್ತದೆ. ಅದು ಹಿಂದೆ ಮುಂದೆ ಸರಿದಂತೆ ಆರೂ ಸಿಲಿಂಡರಿನ ಡೀಸೆಲ್ ಕೂಡಿಯೇ ಹೆಚ್ಚು ಕಡಿಮೆ ಆಗುತ್ತದೆ. ಪೂರಾ ಹಿಂದೆ ಸರಿದರೆ ಎಂಜಿನ್ ಬಂದ್. ಇಲ್ಲಿ ರ್ಯಾಕ್ ಪೂರಾ ಸರಿಯದೆ ನಡುವೆ ತೊಡಕುತ್ತಿತ್ತು. ಟಾರ್ಚ್ ಹಿಡಿದು ನೋಡಿದೆ. ನಾಲ್ಕನೆಯ ಸಿಲಿಂಡರಿನ ಡೀಸೆಲ್ ಅಳತೆಯನ್ನು ರ್ಯಾಕಿಗೆ ಹಿಡಿಸುವ ಕ್ಲ್ಯಾಂಪ್ ಕೂದಲೆಳೆಯಷ್ಟು ಸೊಟ್ಟ ಕೂತಿತ್ತು. ಅದರ ಪಕ್ಕದಲ್ಲಿ ಒಂದು ಸಣ್ಣ ಗೀರು, ನನ್ನ ಗುರುತು.

ಆಗ ನೆನಪಾಯಿತು.

ನಾಲ್ಕು ವರ್ಷದ ಹಿಂದೆ ಚನ್ನಪ್ಪ ಅಂಗಡಿಗೆ ಬಂದಿದ್ದ. ಮಗ್ಗ ಮಾರಿ ಲಾರಿ ತಂದ ಹೊಸದು. “ಮೇಸ್ತ್ರಿ, ಕಿವಿ ಖಾಲಿ ಆಗ್ಯಾವು. ಸಪ್ಪಳಿಲ್ಲದ ನಿದ್ದಿ ಹತ್ತವಲ್ದು. ಈ ಗಾಡೀನ ನಮ್ಮನಿ ಮಗ್ಗದ ಗತ್ತಿಗೆ ಕೂಡಸಾಕ ಬರತೈತೇನು?” ಅಂದಿದ್ದ. ಬೇರೆ ಯಾವ ಮೇಸ್ತ್ರಿಯಾದರೂ ನಕ್ಕು ಕಳಿಸುತ್ತಿದ್ದ. ನಾನು ನೇಕಾರರ ಮಗ. ಸವಾಲು ಅಂತ ತಗೊಂಡೆ. ನಾಲ್ಕನೆಯದಕ್ಕೆ ಡೀಸೆಲ್ ಕಡಿಮೆ ಮಾಡಿದರೆ ಆ ಸಿಲಿಂಡರು ಕುಂಟುತ್ತದೆ; ಐಡ್ಲಿಂಗ್, ಅಂದರೆ ಗಾಡಿ ನಿಂತಾಗ ಎಂಜಿನ್ ಓಡುವ ವೇಗ, ಇಳಿಸಿದರೆ ಆ ಕುಂಟು ಹಣಿಗೆಯ ಬಡಿತವಾಗುತ್ತದೆ. ಅವನು ಬಾಯಿಂದ ಗತ್ತು ಹೇಳುತ್ತ ಹೋದ, ನಾನು ತಿರುವುತ್ತ ಹೋದೆ. ಕಡಿಮೆಯಾದ ಜೋರನ್ನು ತುಂಬಲು ಕಂಪನಿಯ ಸೀಲ್ ಒಡೆದು, ಗರಿಷ್ಠ ಡೀಸೆಲ್ಲಿನ ಸ್ಕ್ರೂ ಬಿಚ್ಚಿ ಏರಿಸಿ, ಮೇಲೆ ಹೊಸ ಸೀಸದ ಸೀಲ್ ಒತ್ತಿದೆ. ಸಪ್ಪಳ ಕೂಡಿದಾಗ ಚನ್ನಪ್ಪನ ಕಣ್ಣು ತುಂಬಿದ್ದವು. “ಮನ್ಯಾಗ ಹೇಳಬ್ಯಾಡ್ರಿ. ಮಗ್ಗ ಮಾರಿದ್ದಕ್ಕ ಕಸ್ತೂರಿ ಇನ್ನೂ ಸರಿಯಾಗಿ ಮಾತಾಡವಲ್ಲಳು,” ಅಂದಿದ್ದ.

ಸಂಭ್ರಮದಲ್ಲಿ ಕ್ಲ್ಯಾಂಪನ್ನು ಸೊಟ್ಟ ಬಿಗಿದಿದ್ದೆ. ಚನ್ನಪ್ಪ ಓಡಿಸುವಷ್ಟು ದಿನ ಅದು ನಡೆಯಿತು. ಗಾಡಿ ಎಂಟು ತಿಂಗಳು ನಿಂತಾಗ ಡೀಸೆಲ್ ಒಳಗೆ ಅಂಟಾಯಿತು, ರ್ಯಾಕ್ ಅದೇ ಸೊಟ್ಟಿಗೆ ಕಚ್ಚತೊಡಗಿತು. ಬ್ಯಾರೇಜಿನ ಇಳಕಲಿನಲ್ಲಿ ಆ ಹೆಣ್ಣುಮಕ್ಕಳಿಗೂ ಪ್ರಭುವಿಗೂ ಸಾವು ಒಂದು ಮಾರು ದೂರದಲ್ಲಿ ನಿಂತದ್ದು ನನ್ನ ಕೈಯಿಂದ. ಗಾಲಿಯ ಮೇಲೆ ಕೂತುಬಿಟ್ಟೆ.

ಕ್ಲ್ಯಾಂಪನ್ನು ನೆಟ್ಟಗೆ ಮಾಡಿ ಸುಮ್ಮನೆ ಹೋಗಬಹುದಿತ್ತು. ಸಪ್ಪಳ ಉಳಿಯುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಆದರೆ ಕಡಿಮೆ ಡೀಸೆಲ್ಲಿನ ಒಂದನ್ನು ಹೊತ್ತುಕೊಂಡು ಉಳಿದ ಐದು ಕುದಿಯುತ್ತವೆ. ಒಂದು ದಿನ ಪಿಸ್ಟನ್ ಕಚ್ಚಿ ಎಂಜಿನ್ ನಿಲ್ಲುವುದು ಖಂಡಿತ, ಅದೂ ಕಬ್ಬಿನ ಲೋಡಿನಲ್ಲಿ. ಮತ್ತೆ ಒಳಗೆ ಈ ಹೆಂಗಸು ಕಂಡಿಕೆ ಸುತ್ತುತ್ತಲೇ ಇರುತ್ತಾಳೆ.

ಒಳಗೆ ಹೋಗಿ ಎಲ್ಲ ಹೇಳಿದೆ. ಕಂಡಿಕೆ ಸುತ್ತುತ್ತಿದ್ದ ಅವಳ ಕೈ ನಿಂತಿತು.

“ನೀವ ಮಾಡಿದ್ದ?”

“ಹೌದ ತಂಗೆವ್ವ.”

“ಹಂಗಾರ ಇಷ್ಟ ದಿನಾ ನಾ ಕಬ್ಬಿಣದ ಕೂಡ ಮಾತಾಡೇನೇನು?” ಅಂದವಳ ದನಿ ಸೀಳಿತು. “ನನ್ನ ತಮ್ಮನ್ನ ಕೊಲ್ತಿದ್ರಿ ನೀವು!”

ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದಳು: “ಆ ಸಪ್ಪಳ ಬೇಕಂತ ಅವರ ಕೇಳಿದ್ದು ಖರೇನ?”

ಚನ್ನಪ್ಪನ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. “ಮಗ್ಗ ಹೊರಗ ಹೋದ ದಿನ ಶಿಳ್ಳಿ ಹಾಕ್ಕೋತ ನಿಂತಿದ್ರು. ನಿಮ್ಮ ಎದಿ ಕಲ್ಲ ಅಂದಿದ್ದೆ. ಸಾಯೂತನಾ ಅದ ಮಾತ ಇಟಗೊಂಡ ಹೋದ್ರಲ್ಲೋ ಶಿವನ…” ಅತ್ತು ಮುಗಿಸಿ ಕಣ್ಣೊರೆಸಿಕೊಂಡು, “ತೆಗೀರಿ,” ಅಂದಳು.

ಪಂಪ್ ಇಳಿಸಿ ಜಮಖಂಡಿಗೆ ತಂದು ಬೆಂಚಿಗೆ ಹಾಕಿದೆ. ಐಡ್ಲಿಂಗಿನಲ್ಲಿ ಸಾವಿರ ಒತ್ತಿಗೆ ಐದು ಸಿಲಿಂಡರು ಹನ್ನೊಂದು ಸಿಸಿ, ನಾಲ್ಕನೆಯದು ಏಳು. ಎಲ್ಲ ತೊಳೆದು, ಆರನ್ನೂ ಹನ್ನೊಂದಕ್ಕೆ ತಂದು, ಗರಿಷ್ಠ ಸ್ಕ್ರೂವನ್ನು ಕಂಪನಿಯ ಲೆಕ್ಕಕ್ಕೆ ಇಳಿಸಿ ಸೀಲ್ ಮಾಡಿದೆ. ಆರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿಗೆ ಇಟ್ಟುಕೊಂಡೆ.

ಮೂರನೆಯ ದಿನ ಪಂಪ್ ಕೂರಿಸಿದೆ. ಕರೆಂಟ್ ಹೋಗುವ ತನಕ ಕಾದೆವು. ನಾನೂ ಕಸ್ತೂರವ್ವನೂ ಕುಣಿಯ ದಂಡೆಗೆ ನಿಂತೆವು. ಎಂಜಿನ್ ಒಂದೇ ಸಮ ಓಡಿತು. ಪ್ರಭು ಸ್ಟಾಪ್ ಎಳೆದ ಕ್ಷಣವೇ ನಿಂತಿತು. ಓಣಿಯಲ್ಲಿ ಒಂದು ಸೊಲ್ಲಿಲ್ಲ.

“ನಿಮಗೇನರ ಕೇಳಸ್ತೇನ್ರಿ ಅಣ್ಣಾರ?”

ಕೇಳಿಸಿತು. ಎಂಜಿನ್ ನಿಂತು ಹತ್ತು ಎಣಿಸುವಷ್ಟು ಹೊತ್ತಾದ ಮೇಲೆ, ಕುಣಿಯ ಆಳದಿಂದ, ಒಂದೇ ಒಂದು ಧಪ್. ಈ ಕಿವಿಯ ಮೇಲೆ ಆಣೆ ಮಾಡಿ ಹೇಳುತ್ತೇನೆ, ಕೇಳಿಸಿತು. ಕೈ ತಾನಾಗಿ ಜೇಬಿನ ಚೀಟಿಗೆ ಹೋಯಿತು.

“ಇಲ್ಲ ತಂಗೆವ್ವ,” ಅಂದೆ.

“ಹಂಗಾರ ಅವರು ಗಾಡ್ಯಾಗಿಂದ ಇಳದ್ರು,” ಅಂದು ಅವಳು ಕಂಡಿಕೆಯ ಬುಟ್ಟಿ ಎತ್ತಿಕೊಂಡು, ಇನ್ನೂ ಕೈಮಗ್ಗ ಇರುವ ಪಕ್ಕದ ಮನೆಗೆ ಕೊಡಲು ಹೋದಳು.

ಆಮೇಲೆ ಅಂಗಡಿ ಮುಚ್ಚುವ ತನಕ ನಾನು ಯಾವ ಪಂಪನ್ನೂ ಗಾಡಿಯ ಮೇಲೆ ಕೂಡಿಸಲಿಲ್ಲ. ಎಂಥ ಗುರುತಿನವರು ಬಂದರೂ ಬೆಂಚಿಗೆ ಹಾಕಿ, ಅಂಕಿ ಬರೆದು, ಏನು ಮಾಡಿದೆನೆಂದು ಅವರ ಮನೆಯವರಿಗೂ ಹೇಳಿ ಕಳಿಸುತ್ತಿದ್ದೆ. ಕಿವಿ ಕೇಳಬೇಕೆಂದದ್ದನ್ನು ಕೇಳುತ್ತದೆ ಎಂಬುದನ್ನು, ಮೂವತ್ತೆರಡು ವರ್ಷದ ಕೆಲಸ ಕಲಿಸದ್ದನ್ನು, ಆ ಒಂದು ಮಧ್ಯಾಹ್ನ ನನಗೆ ಕಲಿಸಿತು. ಪ್ರಭು ಈಗಲೂ ಅದೇ ಗಾಡಿ ಓಡಿಸುತ್ತಾನೆ. ಕುಣಿಯನ್ನು ಮಾತ್ರ ಕಸ್ತೂರವ್ವ ಇನ್ನೂ ಮುಚ್ಚಿಸಿಲ್ಲವಂತೆ. ಯಾಕೆಂದು ನಾನು ಕೇಳಿಲ್ಲ.