ಲಂಡನ್ನಿನ ಊರಮ್ಮ

ಲಂಡನ್ ನೋಡಲು ಹೊರಟ ಮೊದಲ ದಿನ ಒಳ್ಳೆಯ ಬಿಸಿಲಿತ್ತು ಎಂದು ನನ್ನ ನೆನಪು. ದಿನಚರಿಯಲ್ಲಿ ‘ತುಂತುರು ಮಳೆ, ಇಬ್ಬರಿಗೂ ಒಂದೇ ಕೊಡೆ’ ಎಂದಿದೆ. ಅಕ್ಷರ ನನ್ನದೇ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಆರಂಭ. ಮದುವೆಯಾಗಿ ಅಲ್ಲಿಗೆ ಹೋಗಿದ್ದ ತಂಗಿ ಚೊಚ್ಚಲು ಬಸುರಿ, ಎಂಟು ತುಂಬಿತ್ತು. ಬಾಣಂತನಕ್ಕೆಂದು ಅಮ್ಮ ಅಜ್ಜಂಪುರದಿಂದ ಹೊರಟಳು. ಇಂಗ್ಲಿಷ್ ಬಾರದ ಅವಳ ಜೊತೆಗೆ, ಕಡೂರಿನಲ್ಲಿ ಇತಿಹಾಸದ ಮೇಷ್ಟ್ರಾಗಿದ್ದ ನಾನು.

ಅಮ್ಮನದೊಂದು ಪದ್ಧತಿ. ಯಾವ ಊರಿಗೆ ಹೋದರೂ ಮೊದಲು ಆ ಊರನ್ನು ಕಾಯುವ ಊರಮ್ಮನನ್ನು ಕಂಡು, ಬಂದ ಕೆಲಸ ಹೇಳಿಕೊಳ್ಳಬೇಕು. ತರೀಕೆರೆ ಆಸ್ಪತ್ರೆಗೆ ಹೋದರೂ ಅಷ್ಟೇ, ಚೀಟಿ ಬರೆಸುವುದು ಆಮೇಲೆ.

ಕೆಂಪು ಬಸ್ಸಿನ ಮಹಡಿಯಲ್ಲಿ ಕೂತು ನಾನು ಕೈ ತೋರಿಸಿದೆ. “ಅಮ್ಮಾ, ಅಲ್ಲಿ ನೋಡು, ಪುಸ್ತಕದಲ್ಲಿರೋ ಗಡಿಯಾರ!”

“ಅದೆಲ್ಲೂ ಓಡ್ಹೋಗಲ್ಲ. ಊರಮ್ಮ ಎಲ್ಲವ್ಳೆ ಹೇಳು.”

“ಇಲ್ಲಿ ಊರಮ್ಮ ಇಲ್ಲಮ್ಮ.”

“ಇಷ್ಟು ದೊಡ್ಡೂರು, ಕಾಯೋರಿಲ್ದೆ ನಿಂತೈತಾ? ನಮ್ಮೂರ ಕಡೆ ಅಂತರಘಟ್ಟಮ್ಮಂಗೆ ಹೇಳ್ಬಂದಿದೀನಿ ಕಣೋ. ಆದ್ರೆ ಹೆರಿಗೆ ಆಗೋದು ಈ ಊರಲ್ಲಿ. ಇಲ್ಲಿಯೋಳಿಗೆ ಒಂದ್ ಮಾತು ಹೇಳ್ಬೇಡ್ವಾ?”

ಅರಮನೆ ತೋರಿಸೋಣವೆಂದು ಅದರ ಮುಂದೆ ಇಳಿಸಿದೆ. ಅಮ್ಮ ಅರಮನೆಯನ್ನು ನೋಡಲೇ ಇಲ್ಲ. ಅದರ ಎದುರಿಗೆ, ಎತ್ತರದ ಕಲ್ಲುಕಟ್ಟೆಯ ಮೇಲೆ, ಬಿಳಿ ಕಲ್ಲಿನ ದಪ್ಪನೆಯ ಹೆಂಗಸೊಬ್ಬಳು ಅರಮನೆಗೆ ಬೆನ್ನು ಹಾಕಿ, ಊರಿನ ಕಡೆ ಮುಖ ಮಾಡಿ ಕೂತಿದ್ದಳು. ಸುತ್ತ ನೀರು, ಮೂಲೆಗಳಲ್ಲಿ ಸಿಂಹಗಳು.

“ಇಲ್ಲ ಅಂದ್ಯಲ್ಲೋ, ಸುಳ್ಳಾ!”

ಅವಳು ಒಂದು ಕಾಲಕ್ಕೆ ನಮ್ಮನ್ನೂ ಆಳಿದ ರಾಣಿ ಎಂದು ಹೇಳಲು ನಾನು ಬಾಯಿ ತೆರೆಯುವುದರೊಳಗೆ ಅಮ್ಮ ಮೆಟ್ಟಿಲ ಮೇಲೆ ಚಿಟಿಕೆ ಕುಂಕುಮ ಹಾಕಿ, ತಂಗಿಗೆಂದು ತರೀಕೆರೆಯಲ್ಲಿ ಕೊಂಡಿದ್ದ ಡಜನ್ ಹಸಿರು ಬಳೆಗಳಲ್ಲಿ ಎರಡನ್ನು ಇಟ್ಟು ಕಣ್ಣು ಮುಚ್ಚಿದ್ದಳು. ಕಣ್ಣು ಬಿಡುವ ಹೊತ್ತಿಗೆ ಪೊಲೀಸಿನವನೊಬ್ಬ ಅವನ್ನು ಎತ್ತಿಕೊಂಡು, ಬಿದ್ದುಹೋಗಿವೆ ಎಂದು ನಗುತ್ತಾ ನೀಡುತ್ತಿದ್ದ.

ಅಮ್ಮನ ಮುಖ ಕಪ್ಪಿಟ್ಟಿತು. ಊರಮ್ಮನಿಗೆ ಕೊಟ್ಟಿದ್ದು ಹಿಂದಕ್ಕೆ ಬರುವುದೆಂದರೆ, ಬೇಡಿಕೊಂಡದ್ದನ್ನು ಅವಳು ಒಲ್ಲೆನೆಂದಂತೆ.

“ಬಿದ್ದಿಲ್ಲ ಕಣಪ್ಪಾ, ಕೊಟ್ಟಿದ್ದು! ಮಗಳ ಹೆರಿಗೆ ಐತೆ, ವಾಪಸ್ ಮಾಡ್ಬ್ಯಾಡ,” ಎಂದು ಅವನಿಗೇ ಕನ್ನಡದಲ್ಲಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, “ಹೇಳೋ ಅವ್ನಿಗೆ! ಎಂಎ ಓದಿದ್ದು ಯಾತಕ್ಕೆ?”

ತಂಗಿ ಬಸುರಿ, ಇದು ತಾಯಿಯ ಹರಕೆ ಎಂದು ಹೇಗೋ ಹೇಳಿದೆ. ಅವನು ತನ್ನ ಎತ್ತರದ ಟೋಪಿ ತೆಗೆದು, ಬಳೆಗಳನ್ನು ಜನರ ಕಾಲಿಗೆ ಸಿಗದ ಮೇಲಿನ ಅಂಚಿನಲ್ಲಿ ಇಟ್ಟ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ದಿನಚರಿಯಲ್ಲಿ ಟೋಪಿಯ ಮಾತಿಲ್ಲ. ‘ಬಳೆ ಅಂಚಿನ ಮೇಲೆ ಇಟ್ಟ. ಜನ ನೋಡುತ್ತಿದ್ದರು. ನನಗೆ ನಾಚಿಕೆ’ ಎಂದಷ್ಟೇ ಇದೆ. ಆ ನಾಚಿಕೆ ನನಗೆ ನೆನಪೇ ಇರಲಿಲ್ಲ. ಅದರ ಜಾಗದಲ್ಲಿ ಟೋಪಿಯನ್ನು ನಾನೇ ತಂದಿಟ್ಟೆನೋ ಏನೋ.

ಅಮ್ಮ ಮಾತ್ರ ಸಮಾಧಾನದ ಉಸಿರು ಬಿಟ್ಟು, “ನಡಿ, ಈಗ ನಿನ್ನ ಗಡಿಯಾರ ತೋರ್ಸು,” ಎಂದಳು.

ಸಂಜೆ ವಿಷಯ ಕೇಳಿದ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಅಮ್ಮಾ, ಅವ್ಳು ರಾಣಿ ಕಣೇ! ದೇವ್ರಲ್ಲ.”

ತಂಗಿಯ ಊದಿದ ಪಾದ ಒತ್ತುತ್ತಿದ್ದ ಅಮ್ಮನ ಕೈ ನಿಂತಿತು. ನನ್ನತ್ತ ನೋಡಿದಳು.

“ಅವ್ಳಿಗೆ ಮಕ್ಳಾಗಿದ್ವಾ?”

“ಒಂಬತ್ತು.”

“ಒಂಬತ್ತಾ!” ಅಮ್ಮನ ಕೈ ಮತ್ತೆ ಪಾದದ ಮೇಲೆ ಆಡತೊಡಗಿತು. “ಮತ್ತಿನ್ನೇನು? ನೋವು ಏನೂಂತ ಗೊತ್ತಿರೋಳು. ಸರ್ಯಾದೋಳಿಗೇ ಕೊಟ್ಟಿದೀನಿ ಬಿಡು. ಏಯ್, ನಗ್ಬ್ಯಾಡ್ವೇ, ಕಾಲು ಅಲ್ಲಾಡ್ತೈತೆ.”

ಆ ದಿನದ ಪುಟದ ಕೊನೆಗೆ, ‘ರಾಣಿಗೆ ಮಕ್ಕಳು ಒಂಬತ್ತೇ? ಪುಸ್ತಕದಲ್ಲಿ ನೋಡಬೇಕು’ ಎಂದು ಬರೆದುಕೊಂಡಿದ್ದೇನೆ. ನೋಡಿದೆನೋ ಇಲ್ಲವೋ ಎಲ್ಲೂ ಬರೆದಿಲ್ಲ. ಹದಿನೈದು ಪುಟ ತಿರುವಿದರೆ, ಒಂದೇ ಸಾಲು: ‘ಬೆಳಿಗ್ಗೆ ಹೆಣ್ಣು ಮಗು. ಇಬ್ಬರೂ ಕ್ಷೇಮ. ತಂಗಿಯ ಕೈಯಲ್ಲಿ ಉಳಿದ ಹತ್ತೂ ಬಳೆ ಒಡೆಯದೆ ಹಾಗೇ ಇವೆ.’